ಕವಳ ಊಟವೂ ಅಲ್ಲ, ತಿಂಡಿಯೂ ಅಲ್ಲ

ಹುಲೇಕಲ್ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ಕೂತರೆ ನಾನು ಕಟ್ಟಿದ ಮನೆಗಳನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಗಿಲಾವು ಮಾಡದೆ ಬಿಟ್ಟ ಕೆಂಪುಕಲ್ಲಿನ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವಿನ ಸಂದು ನೋಡಿದರೆ ಸಾಕು, ಕೈ ಯಾರದೆಂದು ತಿಳಿಯುತ್ತದೆ. ನನ್ನ ಸಂದು ನೂಲು ಎಳೆದ ಹಾಗೆ ಹೋಗುತ್ತದೆ. ಜಂಬ ಎಂದು ಯಾರಾದರೂ ಅಂದರೆ ಅನ್ನಲಿ. ಐದನೇ ಇಯತ್ತೆ ಮುಗಿಸದೆ ಶಾಲೆ ಬಿಟ್ಟವನು ಜಂಬಪಡಲು ಒಂದಿಷ್ಟು ಗೋಡೆ ಕಟ್ಟಿಕೊಂಡಿದ್ದಾನೆ, ಅಷ್ಟೆ.

ಓದು ತಲೆಗೆ ಹತ್ತದೆ ನಾನು ಶಾಲೆ ಬಿಟ್ಟದ್ದಲ್ಲ. ಅಪ್ಪನಿಗೆ ಗಾರೆ ಕಲೆಸಲು ಇನ್ನೊಂದು ಜೋಡಿ ಕೈ ಬೇಕಾಗಿತ್ತು. ಅಪ್ಪ ಮೇಸ್ತ್ರಿ, ಅಣ್ಣ ಮೇಸ್ತ್ರಿ, ನಾನೂ ಮೇಸ್ತ್ರಿಯಾದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮಣ್ಣಿನ ಗೋಡೆಗಳು ಹೋಗಿ ಕೆಂಪುಕಲ್ಲು, ಸಿಮೆಂಟು, ಸ್ಲ್ಯಾಬು ಬಂದವು. ಶಿರಸಿ ಪೇಟೆಯಲ್ಲಿ, ಸಿದ್ದಾಪುರದ ಹಳ್ಳಿಗಳಲ್ಲಿ, ಯಲ್ಲಾಪುರದಿಂದ ಅರಬೈಲ್ ಘಟ್ಟದ ತಲೆಯವರೆಗೆ, ಕರೆದಲ್ಲಿಗೆಲ್ಲ ಹೋಗಿ ನಿಂತೆ. ಸ್ಲ್ಯಾಬು ಹಾಕುವುದನ್ನು ನನಗೆ ಯಾರೂ ಕಲಿಸಿದ್ದಲ್ಲ. ಹುಬ್ಬಳ್ಳಿಯಿಂದ ಬಂದ ಕೆಲಸಗಾರರ ಪಕ್ಕದಲ್ಲಿ ನಿಂತು, ಅವರ ಬೈಗುಳವನ್ನೂ ಸೇರಿಸಿ ಕಲಿತೆ. ನಾನು ಹಾಕಿದ ಸ್ಲ್ಯಾಬು ಯಾವುದೂ ಈವರೆಗೆ ಸೋರಿಲ್ಲ. ಸೋರಿದೆ ಎನ್ನುವವರು ಬಂದು ನನ್ನೆದುರು ಹೇಳಬಹುದು.

ಈಗ ಬಾಯಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಅಪ್ಪ ತೀರಿಕೊಂಡದ್ದು ಬಾಯಿಯ ಹುಣ್ಣಿನಿಂದ. ಮೊದಲು ಕೆನ್ನೆಯೊಳಗೆ ಒಂದು ಬಿಳಿ ಕಲೆ ಬಂತು. ಆಮೇಲೆ ಖಾರ ತಾಗಿದರೆ ಉರಿ, ಆಮೇಲೆ ಬಾಯಿ ದೊಡ್ಡದಾಗಿ ತೆರೆಯಲಾಗದು, ಕಡೆಕಡೆಗೆ ಗಂಜಿಯೂ ಇಳಿಯದು. ಅಪ್ಪ ಐವತ್ತು ಮುಟ್ಟಲಿಲ್ಲ. ಅಣ್ಣನಿಗೂ ಅದೇ ಕಲೆ, ಅದೇ ಉರಿ ಬಂತು. ಅವನು ಅಪ್ಪನ ವಯಸ್ಸಿನವರೆಗೂ ಬದುಕಲಿಲ್ಲ. 'ಅವರ ಮನೆ ಗಂಡಸರಿಗೆ ಅದು ರಕ್ತದಲ್ಲೇ ಉಂಟು' ಎಂದು ಊರವರು ಒಂದೇ ಮಾತಿನಲ್ಲಿ ಮುಗಿಸಿದರು. ನಾವೂ ಅದನ್ನೇ ನಂಬಿದೆವು. ನಂಬುವುದು ಸುಲಭವಾಗಿತ್ತು. ಅಪ್ಪನ ಮೂಗು, ಅಪ್ಪನ ಗಿಡ್ಡ ಬೆರಳು, ಅಪ್ಪನ ಸಿಟ್ಟು ಎಲ್ಲ ನಮಗೆ ಬಂದಿದ್ದವು. ಕಾಯಿಲೆಯೊಂದು ಬರದೆ ಎಲ್ಲಿ ಹೋಗುತ್ತದೆ?

ಎರಡು ಸಾವಿರದ ಹತ್ತನೇ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೂ ನಲವತ್ತೈದರ ಮೇಲೆ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಮೀನು ಸಾರು ಬಾಯಿಗೆ ಇಟ್ಟವನು ಉರಿ ತಾಳಲಾರದೆ ನೀರು ಕುಡಿದೆ.

"ಖಾರ ಹೆಚ್ಚಾಯ್ತನೇ?" ಎಂದು ಹೆಂಡತಿಯನ್ನು ಕೇಳಿದೆ.

"ಖಾರವಾ? ಮೆಣಸು ಅರ್ಧಕ್ಕರ್ಧ ಕಡಿಮೆ ಹಾಕಿದ್ದೆ ಇವತ್ತು. ಬಾಯಿ ತೆಗೀರಿ, ನೋಡ್ವ."

"ನೋಡೂದೆಂತ ಉಂಟು ಅದರಲ್ಲಿ?"

"ತೆಗೀರಿ ಅಂದೆ."

ತೆರೆದೆ. ಪೂರ್ತಿ ತೆರೆಯಲಿಲ್ಲ. ಅವಳು ಕೆನ್ನೆ ಸರಿಸಿ ಬೆಳಕಿಗೆ ತಿರುಗಿಸಿ ನೋಡಿದಳು. "ಭಾವಂಗೂ ಹಿಂಗೇ ಸುರುವಾದ್ದು" ಎಂದು ಹೇಳಿ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ನನಗೆ ಆ ಕಲೆ ಕಂಡು ಆಗಲೇ ಕೆಲವು ತಿಂಗಳಾಗಿತ್ತು. ಕನ್ನಡಿಯ ಮುಂದೆ ಒಬ್ಬನೇ ನೋಡಿಕೊಂಡು ಸುಮ್ಮನಿದ್ದೆ.

ಡಾಕ್ಟರ ಹತ್ತಿರ ಹೋಗಲಿಲ್ಲ. ಅಣ್ಣ ಆಸ್ಪತ್ರೆಗೆ ಹೋದ ಮೇಲೆಯೇ ಹಾಸಿಗೆ ಹಿಡಿದದ್ದು. ಅದಕ್ಕೇ ನನಗೆ ಆಸ್ಪತ್ರೆಯ ಮೇಲೆಯೇ ಸಿಟ್ಟು. ರಕ್ತದಲ್ಲಿ ಇದೆಯೋ ಇಲ್ಲವೋ ಎಂಬುದೊಂದು ಮೊದಲು ತಿಳಿಯಬೇಕು, ಆಮೇಲೆ ಉಳಿದದ್ದು ಎಂದುಕೊಂಡೆ. ಇದ್ದರೆ ಯಾವ ಡಾಕ್ಟರೂ ಬೇಡ, ಇಲ್ಲದಿದ್ದರೂ ಬೇಡ. ಹೀಗೆ ಅಳತೆ ಹಾಕಿಕೊಂಡಿದ್ದೆ.

ಆ ಹೊತ್ತಿಗೆ ಸರಿಯಾಗಿ ಶಿರಸಿಯಲ್ಲಿ ಒಬ್ಬ ಯಜಮಾನರ ಮನೆಗೆ ಮಾಳಿಗೆ ಏರಿಸುವ ಕೆಲಸ ಹಿಡಿದಿದ್ದೆ. ಅವರದು ಆರೋಗ್ಯದ ಪುಡಿ, ಮಾತ್ರೆ, ಎಣ್ಣೆ ಮಾರುವ ವ್ಯಾಪಾರ. ಒಬ್ಬರು ಇಬ್ಬರನ್ನು ಸೇರಿಸಬೇಕು, ಆ ಇಬ್ಬರು ಮತ್ತಿಬ್ಬರನ್ನು, ಆ ನಮೂನೆ. ಒಂದು ದಿನ ಅವರು ಅಂಗೈಯಗಲದ ಒಂದು ಪೆಟ್ಟಿಗೆ ಹಿಡಿದುಕೊಂಡು ಸೆಂಟ್ರಿಂಗ್ ಹಲಗೆಯ ಕೆಳಗೆ ಬಂದು ನಿಂತರು. ಬಾಯಲ್ಲಿ ಕವಳ ತುಂಬಿತ್ತು. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿದ ಆ ಒಂದು ತುತ್ತು ಒಳಗಿರುವಾಗ ನಮ್ಮ ಕಡೆಯವರು ಮಾತಾಡುವ ಬಗೆಯೇ ಬೇರೆ: ಗದ್ದ ಮೇಲೆತ್ತಿ, ರಸ ಚೆಲ್ಲದ ಹಾಗೆ, ಆಕಾಶಕ್ಕೆ ಹೇಳಿದಂತೆ ಮಾತಾಡುತ್ತಾರೆ.

"ಮೇಸ್ತ್ರಿ, ಇಲ್ಲಿ ಕೇಳು. ಇದು ಮನೇಲೇ ಕೂತು ಮಾಡ್ಕೊಳ್ಳೋ ಪರೀಕ್ಷೆ. ಸೂಜಿ ಇಲ್ಲ, ರಕ್ತ ಇಲ್ಲ. ಈ ಹತ್ತಿಕಡ್ಡಿ ಕೆನ್ನೆಯೊಳಗೆ ತಿಕ್ಕಿ ಬೆಂಗಳೂರಿಗೆ ಕಳಿಸೂದು. ನಿನ್ನ ಅಪ್ಪ ಅಜ್ಜನಿಂದ ನಿಂಗೆ ಎಂತೆಂತ ಬಂದಿದೆ, ಯಾವ ಊಟ ಒಗ್ತದೆ, ಯಾವುದು ಒಗ್ಗೂದಿಲ್ಲ, ಪೂರಾ ಬರ್ದು ಕಳಿಸ್ತಾರೆ."

ನಾನು ಹಲಗೆಯಿಂದ ಕೆಳಗಿಳಿದೆ. "ಬಾಯಿದೂ ಹೇಳ್ತಾರಾ?"

"ಎಲ್ಲ ಹೇಳ್ತಾರೆ."

ಒಳಗಿನಿಂದ ಅವರ ಹೆಂಡತಿ ಕೇಳಿಸಿಕೊಂಡು, "ಮೇಸ್ತ್ರಿನಾದ್ರೂ ಬಿಡಿ ಮಾರಾಯ್ರೆ, ನೆಂಟರೆಲ್ಲ ನಮ್ಮನೆ ಕಡೆ ಬಪ್ಪದು ಬಿಟ್ಟಾತು" ಎಂದರು.

"ನಿಂಗೆ ಇದೆಲ್ಲ ಗೊತ್ತಾಗ್ತಿಲ್ಲೆ, ಸುಮ್ನಿರು" ಎಂದು ಅವರಿಗೆ ಹೇಳಿ ಯಜಮಾನರು ನನ್ನ ಕಡೆ ತಿರುಗಿದರು. "ಮೂರು ತಾಲೂಕಲ್ಲಿ ನಿನ್ನ ಕಾಲು ತಾಗದ ಮನೆ ಇಲ್ಲ. ನೀ ಮಾಡ್ಸಿದೆ ಅಂದ್ರೆ ಜನ ಮಾಡ್ಸ್ತಾರೆ. ಇದು ನಿಂಗೆ ನನ್ನ ಕಡೆಯಿಂದ. ಒಂದೇ ಕಂಡೀಷನ್ನು: ತಿಕ್ಕೂ ಮುಂಚೆ ಅರ್ಧ ಗಂಟೆ ಎಂತದೂ ತಿನ್ನೂಹಂಗಿಲ್ಲ, ಎಂತದೂ ಕುಡಿಯೂಹಂಗಿಲ್ಲ. ತಿಳೀತಾ?"

ಹೇಳಿ, ಪಕ್ಕಕ್ಕೆ ತಿರುಗಿ ಮರಳಿನ ರಾಶಿಯ ಆಚೆಗೆ ಉಗುಳಿದರು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ದೊಡ್ಡ ಏರ್ಪಾಡೇ ನಡೆಯಿತು. ಏನಾದರೂ ಮಾಡುವುದಾದರೆ ನಾನು ಸರಿಯಾಗಿ ಮಾಡುವವ. ಹೆಂಡತಿ ಚಾ ತಂದಳು, ಹಿಂದಕ್ಕೆ ಕಳಿಸಿದೆ.

"ಒಂದು ಗುಟುಕು ಕುಡಿದ್ರೆ ಬೆಂಗಳೂರಿನವರಿಗೆ ಗೊತ್ತಾಗ್ತದಾ?"

"ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ನೀರು ಸಹ ಇಲ್ಲ."

ಹಾಗೆ ಕಟ್ಟುನಿಟ್ಟಾಗಿ, ಎಂದಿನಂತೆ ಒಂದು ಕವಳ ಹಾಕಿಕೊಂಡು, ಜಗಲಿಯ ಮೇಲೆ ಅರ್ಧ ಗಂಟೆ ಕಳೆಯುವುದನ್ನು ಕಾದೆ. ಇದರಲ್ಲಿ ತಪ್ಪೇನಿದೆ ಎಂದು ನನಗಷ್ಟೇ ಅಲ್ಲ, ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ ನನ್ನ ಹೆಂಡತಿಗೂ ಅನ್ನಿಸಲಿಲ್ಲ. ನಮ್ಮಲ್ಲಿ ಉಪವಾಸ ಇದ್ದವರು ಸಹ ಕೆಲವರು ಕವಳ ಹಾಕಿಕೊಂಡು ಕೂತಿರುತ್ತಾರೆ. ಹೊತ್ತಾದ ಮೇಲೆ ಉಗುಳಿ ಬಂದು, ಕಡ್ಡಿ ತೆಗೆದು, ಹೇಳಿದ ಹಾಗೆ ಎರಡೂ ಕೆನ್ನೆಯೊಳಗೆ ಚೆನ್ನಾಗಿ ತಿಕ್ಕಿದೆ. ಹತ್ತಿ ದಾಸವಾಳದ ಮೊಗ್ಗಿನ ಹಾಗೆ ಕೆಂಪಾಯಿತು.

"ಇಷ್ಟು ಕೆಂಪು ಬರಬಹುದಾ?" ಎಂದಳು.

"ರಕ್ತದಲ್ಲಿದ್ದದ್ದು ನೋಡೂದಲ್ಲನೇ, ಕೆಂಪು ಬಂದ್ರೆ ಒಳ್ಳೇದೇ."

ಕೊಳವೆಗೆ ಹಾಕಿ ಮುಚ್ಚಿ, ಕೊರಿಯರಿಗೆ ಕೊಟ್ಟು ಬಂದೆವು.

ಕೆಲಸದ ಜಾಗದಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನ ಬಳಿ ಗಿಲಾವಿನ ಕೆಲಸಕ್ಕೆ ಬನವಾಸಿ ಕಡೆಯವನೊಬ್ಬ ಇದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಮೇಸ್ತ್ರೀ, ನಿಮ್ಮ ಎಂಜಲಾ ಬೆಂಗಳೂರಿಗೆ ಹೋಗೇತಂತಲ್ರಿ?"

"ಹೋಗಿದೆ. ನೀ ಹೋಗಿದ್ದೆಯಾ ಬೆಂಗಳೂರಿಗೆ?"

"ಇಲ್ರಿ."

"ನೋಡು ಮತ್ತೆ, ನನ್ನ ಎಂಜಲು ನಿನಗಿಂತ ಮುಂದೆ ಹೋಯ್ತು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಇಡೀ ತಾಲೂಕಿನಲ್ಲಿ ಇಂಥ ಪರೀಕ್ಷೆ ಮಾಡಿಸಿದ ಮೊದಲನೆಯವನು ನಾನೇ ಇರಬೇಕು ಎಂಬ ಹೆಮ್ಮೆ ಒಳಗಿತ್ತು. ಅದರ ಅಡಿಯಲ್ಲಿ ಹೆದರಿಕೆಯೂ ಇತ್ತು. ಊಟಕ್ಕೆ ಕೂತಾಗಲೆಲ್ಲ ನಾಲಿಗೆ ತಾನಾಗಿಯೇ ಆ ಕಲೆಯ ಮೇಲೆ ಹೋಗುತ್ತಿತ್ತು.

ಕೆಲವು ದಿನ ಕಳೆದು ಯಜಮಾನರು ತಮ್ಮ ಮೊಬೈಲು ಹಿಡಿದುಕೊಂಡು ಮಾಳಿಗೆಗೆ ಹತ್ತಿ ಬಂದರು. "ಬೆಂಗಳೂರಿನವರು. ನಿನ್ನ ಹತ್ರನೇ ಮಾತಾಡ್ಬೇಕಂತೆ."

ಆ ಕಡೆ ಒಬ್ಬಳು ಹುಡುಗಿ. "ಸರ್, ನಿಮ್ಮ ಸ್ಯಾಂಪಲ್ ನಮಗೆ ಉಪಯೋಗಕ್ಕೆ ಬರಲಿಲ್ಲ. ಹತ್ತಿ ಪೂರ್ತಿ ಕೆಂಪಾಗಿದೆ. ಬಾಯಲ್ಲಿ ಗಾಯ ಆಗಿತ್ತಾ?"

"ಇಲ್ಲಮ್ಮ."

"ಏನಾದ್ರೂ ತಿಂದಿದ್ರಾ?"

"ಇಲ್ಲ."

"ಕುಡಿದಿದ್ರಾ?"

"ಚಾ ಸಹ ಮುಟ್ಟಿಲ್ಲ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ."

"ಮತ್ತೆ ಆ ಕೆಂಪು?"

"ಅದಾ? ಅದು ಕವಳದ್ದು."

"ಕವಳ ಅಂದ್ರೆ ಏನು ಸರ್?"

ಕವಳ ಎಂದರೆ ಏನೆಂದು ಕೇಳುವವರು ಈ ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ಗೊತ್ತಾದದ್ದೇ ಆಗ. ವಿವರಿಸಿದೆ. "ದಿನಕ್ಕೆ ಎಷ್ಟು ಸಲ ಹಾಕ್ತೀರಿ?" ಎಂದು ಕೇಳಿದಳು. ಎಷ್ಟು ಸಲ ಉಸಿರಾಡುತ್ತೀರಿ ಎಂದು ಕೇಳಿದಂತಾಯಿತು ನನಗೆ. "ಇನ್ನೊಂದು ಕಿಟ್ ಕಳಿಸ್ತೀವಿ. ಒಂದು ದಿನ ಪೂರ್ತಿ ಅದನ್ನ ಬಿಟ್ಟು, ಬಾಯಿ ಚೆನ್ನಾಗಿ ತೊಳ್ಕೊಂಡು, ಆಮೇಲೆ ತಗೊಳ್ಳಿ."

"ಒಂದು ದಿನ ತಾನೆ? ಅದೆಂತ ದೊಡ್ಡದು" ಎಂದು ಹೇಳಿ ಫೋನು ವಾಪಸು ಕೊಟ್ಟೆ. ಯಜಮಾನರು ಗದ್ದ ಮೇಲೆತ್ತಿಕೊಂಡೇ ತಲೆ ತೂಗಿದರು.

ಎರಡನೆಯ ಪೆಟ್ಟಿಗೆ ಬಂತು. ದಿನ ಗೊತ್ತು ಮಾಡಿದೆ. ಬೆಳಿಗ್ಗೆ ಕವಳದ ಸಂಚಿಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದೆ. ಬಿಸಿಲು ಗೋಡೆಯ ನೆತ್ತಿಗೆ ಬರುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಕೈ ಸುಮ್ಮಸುಮ್ಮನೆ ಸೊಂಟಕ್ಕೆ ಹೋಗುತ್ತಿತ್ತು. ಸಿಮೆಂಟು ನೀರಾಯಿತೆಂದು ಒಬ್ಬನಿಗೆ ಬೈದೆ, ಗಟ್ಟಿಯಾಯಿತೆಂದು ಇನ್ನೊಬ್ಬನಿಗೆ. ಮಧ್ಯಾಹ್ನದ ಊಟವಾಗಿ ಬಾಯಿ ಬರಿದೇ ಇದ್ದಾಗ ಜಗತ್ತೇ ಅರ್ಧಕ್ಕೆ ನಿಂತಂತೆ ಕಂಡಿತು. ಊಟದ ಮೇಲೆ ನಾನು ಎರಡು ವರಸೆ ಕಲ್ಲು ಕೂರಿಸಿದೆ. ಬನವಾಸಿಯವನು ಕೆಳಗಿನಿಂದ ಕಣ್ಣು ಸಣ್ಣ ಮಾಡಿ ನೋಡಿದ.

"ಮೇಸ್ತ್ರೀ, ಬೈಬ್ಯಾಡ್ರಿ ಮತ್ತ. ಗ್ವಾಡಿ ಹೊಟ್ಟಿ ಬಿಟ್ಟೇತಿ."

ನೂಲಿಗೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದೆ. ಹೌದು, ಗೋಡೆ ಹೊರಕ್ಕೆ ಉಬ್ಬಿತ್ತು. ಹುಡುಗಾಟದ ವಯಸ್ಸಿನಿಂದ ಇಲ್ಲಿಯವರೆಗೆ ನನ್ನ ಗೋಡೆಗೆ ಬೇರೆಯವರು ಬೆರಳು ತೋರಿಸಿದ್ದಿಲ್ಲ. ಆ ಎರಡೂ ವರಸೆಯನ್ನು ನಾನೇ ಕಿತ್ತು ಕೆಳಗಿಟ್ಟೆ. ಆಮೇಲೆ ಅವನ ಕಡೆಯೇ ಕೈ ಚಾಚಿದೆ. ಅವನು ತನ್ನ ಸಂಚಿ ಬಿಚ್ಚಿದ.

ಇನ್ನೊಂದು ದಿನ ಗೊತ್ತು ಮಾಡಿದೆ, ಆಗಲಿಲ್ಲ. ಮತ್ತೊಂದು ದಿನವೂ ಆಗಲಿಲ್ಲ. ಪೆಟ್ಟಿಗೆ ದೇವರ ಪಟದ ಕೆಳಗಿನ ಹಲಗೆಯ ಮೇಲೆ ಹಾಗೆಯೇ ಕೂತಿತ್ತು. ಯಜಮಾನರು "ಕಳಿಸಿದ್ಯಾ?" ಎಂದು ಕೇಳಿದಾಗಲೆಲ್ಲ "ನಾಳೆ" ಎನ್ನುತ್ತಿದ್ದೆ. ನನಗೆ ಕಾಯಿಲೆಗಿಂತ ಇದು ಹೆಚ್ಚು ಚುಚ್ಚಿತು. ತಲೆಯ ಮೇಲೆ ಕಲ್ಲು ಹೊತ್ತು ಏಣಿ ಹತ್ತಿದವ, ಜ್ವರ ಇಟ್ಟುಕೊಂಡು ಸ್ಲ್ಯಾಬು ಮುಗಿಸಿದವ, ಒಂದು ಹಸಿರೆಲೆಯ ಮುಂದೆ ಒಂದು ಹಗಲು ನಿಲ್ಲಲಾರದೆ ಹೋದೆ.

ಹೆಂಡತಿ ಅತ್ತಿಗೆಯನ್ನು ಕರೆದುಕೊಂಡು ಬಂದಳು. ಅಣ್ಣನ ಹೆಂಡತಿ ನಮ್ಮ ಮನೆಯ ಪಕ್ಕದಲ್ಲೇ ಇರುವವಳು. ಹೆಚ್ಚು ಮಾತಿನವಳಲ್ಲ, ಆಡಿದರೆ ಗಾರೆ ಮೆತ್ತಿದ ಹಾಗೆ, ಬಿದ್ದಲ್ಲೇ ಕೂರುತ್ತದೆ. ಬಂದವಳು ನೆಲದ ಮೇಲೆ ಕೂತು ಪೆಟ್ಟಿಗೆಯ ಕಡೆ ನೋಡಿದಳು.

"ಅದ್ರಲ್ಲಿ ಎಂತ ಬರ್ತದೆ ತಮ್ಮಾ?"

"ಅಪ್ಪಂಗೆ, ಅಣ್ಣಂಗೆ ಬಂದದ್ದು ನನ್ನ ರಕ್ತದಲ್ಲೂ ಉಂಟಾ ಇಲ್ವಾ ಅಂತ."

"ಉಂಟು ಅಂತ ಬಂದ್ರೆ ಎಂತ ಮಾಡ್ತೆ?"

"ಎಂತ ಮಾಡೂದು? ಬರೂದು ಬರ್ತದೆ. ಇದ್ದಷ್ಟು ದಿನ ಇರೂದು."

"ಕವಳ ಹಾಕ್ಕಂಡು."

ನಾನು ಎದ್ದು ಪೆಟ್ಟಿಗೆಯನ್ನು ಹಲಗೆಯ ಒಳಬದಿಗೆ ಸರಿಸಿದೆ.

"ಇಲ್ಲ ಅಂತ ಬಂದ್ರೆ?"

"ಇಲ್ಲದಿದ್ರೆ ಹೆದರಿಕೆನೇ ಇಲ್ವಲ್ಲ."

"ಆಗ್ಲೂ ಕವಳ ಹಾಕ್ಕಂಡು. ಹಂಗಾರೆ ಆ ಕಡ್ಡಿ ಯಾಕೆ ಕಳಸ್ತೆ, ಕಿವಿ ತೊಳ್ಯಕ್ಕಾದ್ರೂ ಇಟ್ಕೋ."

ಹೆಂಡತಿ ನಕ್ಕಳು, ನನಗೆ ಸಿಟ್ಟು ಬಂತು. "ಅತ್ತಿಗೇ, ನಿಂಗೆ ಗೊತ್ತಿಲ್ಲ. ಇದು ನಮ್ಮ ಮನೆತನದ್ದು."

"ಮನೆತನದ್ದಾ? ಹಂಗಾರೆ ನಿನ್ನ ಅಮ್ಮಂಗೆ ಎಂತಾಗಿತ್ತು?"

ನಮ್ಮ ಅಮ್ಮನೂ ಬಾಯಿಯ ಹುಣ್ಣಿನಿಂದಲೇ ಹೋದವಳು. ಅಪ್ಪ ಹೋಗಿ ಬಹಳ ವರ್ಷಗಳ ಮೇಲೆ. ಅಪ್ಪನ ಚಾಕರಿ ಮಾಡಿ ಅವಳಿಗೆ ಅಂಟಿತು ಎಂದು ಎಲ್ಲರೂ ಹೇಳಿದ್ದರು. ಗಂಡಸರ ಲೆಕ್ಕವೇ ಬೇರೆ, ಅಮ್ಮನದೇ ಬೇರೆ ಎಂದು ನಾನು ಎರಡನ್ನೂ ಬೇರೆಬೇರೆ ಇಟ್ಟಿದ್ದೆ. ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇ ಇಲ್ಲ.

"ಅತ್ತೆ ಸಿದ್ದಾಪುರದ ಬದಿಯಿಂದ ಬಂದವಳು" ಎಂದಳು ಅತ್ತಿಗೆ. "ಅವಳ ತವರಲ್ಲಿ ಒಬ್ಬರಿಗೂ ಇದಿಲ್ಲ. ನಿಮ್ಮನೆ ರಕ್ತ ಅವಳ ಮೈಗೆ ಎಲ್ಲಿಂದ ಬಂತು?"

"ಅಂಟಿತು ಅಂದ್ರಲ್ಲ."

"ಅಂಟೂದಾದ್ರೆ ನಂಗೆ ಅಂಟಬೇಕಿತ್ತು. ನಿನ್ನ ಅಣ್ಣನ ಬಾಯಿ ಕಡೀ ದಿನದವರೆಗೆ ತೊಳ್ದದ್ದು ಈ ಕೈ. ಮದುವೆಯಾಗಿ ಬಂದ ದಿನ ಅತ್ತೆ ಒಂದು ಕವಳ ಕೊಟ್ಟಿದ್ದಳು, ತಲೆ ತಿರುಗಿ ಅಂಗಳದಲ್ಲಿ ಕಕ್ಕಿದೆ. ಮತ್ತೆ ಮುಟ್ಲಿಲ್ಲ. ನೋಡು."

ಅವಳು ನನ್ನ ಮುಂದೆ ಬಾಯಿ ತೆರೆದಳು. ನನಗಿಂತ ಹಿರಿಯಳು, ಅಣ್ಣ ಹೋದ ಮೇಲೆ ನನ್ನೆದುರು ತಲೆಯೆತ್ತಿ ನಿಂತು ಮಾತಾಡಿದವಳಲ್ಲ. ಹಲ್ಲಿನ ಡಾಕ್ಟರಿಗೆ ತೆರೆದ ಹಾಗೆ ಅಗಲವಾಗಿ ತೆರೆದು, ಬೆರಳಿನಿಂದ ಕೆನ್ನೆ ಸರಿಸಿ ತೋರಿಸಿದಳು. ಒಳಗೆಲ್ಲ ಮಗುವಿನ ಬಾಯಿಯ ಹಾಗೆ ಗುಲಾಬಿ ಬಣ್ಣ.

"ನಿನ್ನ ಅಣ್ಣ ಆಪರೇಷನ್ ಆಗಿ ಬಂದ ಮೇಲೂ ಬೇಡಿ ಬೇಡಿ ತರ್ಸ್ಕಂಡ. ಕೊಡದಿದ್ರೆ ಅಳ್ತಿದ್ದ, ಕೊಟ್ಟೆ" ಎಂದಳು. "ನಿಂಗೆ ಕೊಡೂದು ನಿನ್ನ ಹೆಂಡ್ತಿ. ಅವಳ ಕೈಲಿ ಅದನ್ನ ಮಾಡಿಸ್ಬೇಡ." ಎದ್ದು ಹೋದಳು.

ಅಂದಿನಿಂದ ನಾನು ಕವಳ ಹಾಕಿಲ್ಲ.

ಒಂದು ಸಾಲಿನಲ್ಲಿ ಬರೆದೆ. ಅಷ್ಟು ಸುಲಭವಾಗಿ ನಡೆಯಲಿಲ್ಲ. ಹೆಂಡತಿ ಒಣಗಿಸಿದ ನೆಲ್ಲಿಕಾಯಿ ಚೂರು, ಲವಂಗ, ಶುಂಠಿ ತುಂಬಿಸಿ ಕೊಟ್ಟ ಡಬ್ಬಿಯೊಂದು ಸೊಂಟದಲ್ಲಿತ್ತು. ನಾನು ಅದನ್ನು ಮೇಯುತ್ತಿದ್ದೆ. ನಿದ್ದೆ ಕೆಟ್ಟಿತು. ಬೆಳಿಗ್ಗೆ ಹೊಟ್ಟೆ ಸಹ ಹೊರಡಲು ಒಪ್ಪದೆ ಹಟ ಹಿಡಿಯಿತು. ನೇರ ಹಿಡಿಯುವ ಕೆಲಸ ಯಾವುದನ್ನೂ ಮಾಡದೆ ಆ ದಿನಗಳಲ್ಲಿ ಬರೀ ಕಲ್ಲು ಹೊತ್ತೆ, ಮರಳು ಸಾಣಿಸಿದೆ. ಕೂಲಿಯವರ ಕೆಲಸವನ್ನು ಮೇಸ್ತ್ರಿ ಮಾಡುವುದನ್ನು ನೋಡಿ ಬನವಾಸಿಯವನು, "ಇನ್ನ ನಾವ ಮೇಸ್ತ್ರಿ ಆಗೂದ ಛಲೋ ಐತ್ರಿ" ಎಂದ. ನಾನು ಮಾತ್ರ ಬೈಯಲಿಲ್ಲ, ಬಾಯಲ್ಲಿ ನೆಲ್ಲಿಚೂರು ಇತ್ತು. ಅವನು ನನ್ನೆದುರು ಸಂಚಿ ಬಿಚ್ಚುವುದನ್ನು ಬಿಟ್ಟ. ಹಾಕಬೇಕಾದರೆ ಸಿಮೆಂಟಿನ ಶೆಡ್ಡಿನ ಹಿಂದೆ ಹೋಗಿ ಬರುತ್ತಿದ್ದ. ಹೇಳದೆ ಮಾಡಿದ ಆ ಉಪಕಾರವನ್ನು ನಾನು ಮರೆತಿಲ್ಲ.

ಬಾಯಿಯ ಕೆಂಪು ಪೂರ್ತಿ ಹೋದ ಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಕಡ್ಡಿ ತಿಕ್ಕಿ ಹೊರಗೆ ತೆಗೆದಾಗ ಹತ್ತಿ ಬೆಳ್ಳಗೇ ಇತ್ತು. ಹೆಂಡತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಆಗ ಕಂಡದ್ದನ್ನು ನಾನು ಯಾವ ಗೃಹಪ್ರವೇಶದ ಮನೆಯವರ ಮುಖದಲ್ಲೂ ಕಂಡಿಲ್ಲ.

ಅದೇ ವಾರ ಅವಳೇ ನನ್ನನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೊರಡಿಸಿದಳು. ಅವರು ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ನನ್ನ ಬೆರಳುಗಳನ್ನೇ ಬಾಯಿಗೆ ಹಾಕಿಸಿ, ಮೂರು ಹೋಗಬೇಕು, ನಿನಗೆ ಎರಡೇ ಹೋಗುತ್ತದೆ ಎಂದರು. ಕಲೆಯಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗಿನ ದಿನಗಳನ್ನು ಬರೆಯುವುದಿಲ್ಲ. ಕೆಟ್ಟದ್ದಕ್ಕೆ ತಿರುಗಿಲ್ಲ ಎಂದು ಬಂತು.

"ತಂಬಾಕು ಬಿಟ್ಟಿದ್ದೀಯಾ?" ಡಾಕ್ಟರು ಕೇಳಿದರು.

"ಬಿಟ್ಟಿದ್ದೇನೆ."

"ಎಲ್ಲರೂ ಹಾಗೇ ಹೇಳ್ತಾರೆ."

"ನಾನು ಎಲ್ಲರ ಹಾಗೆ ಗೋಡೆ ಕಟ್ಟುವವ ಅಲ್ಲ ಸಾಹೇಬ್ರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಡಿಕೆಯನ್ನೂ ಮುಟ್ಟಬೇಡ, ತಪ್ಪದೆ ತೋರಿಸಿಕೊಂಡು ಹೋಗು ಎಂದರು.

ಬೆಂಗಳೂರಿನ ವರದಿಯೂ ಬಂತು. ಬಣ್ಣಬಣ್ಣದ ಪುಟಗಳು. ಯಜಮಾನರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿ ಹೇಳಿದರು. ನನ್ನ ಮೈಗೆ ಹಾಲು ಅಷ್ಟು ಒಗ್ಗುವುದಿಲ್ಲವಂತೆ, ಸಂಜೆಯ ಕಾಫಿ ನಿದ್ದೆ ಕೆಡಿಸುತ್ತದಂತೆ, ಸಕ್ಕರೆ ಕಾಯಿಲೆಯ ಕಡೆ ಕಣ್ಣಿಟ್ಟಿರಬೇಕಂತೆ.

"ಬಾಯಿದು?" ಎಂದು ಕೇಳಿದೆ.

ಅವರು ಪುಟಗಳನ್ನು ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. "ಬಾಯಿದು ಇವರು ನೋಡೂದೇ ಇಲ್ಲ ಅಂತ ಕಾಣ್ತದೆ ಮಾರಾಯ."

"ಎಲ್ಲ ಹೇಳ್ತಾರೆ ಅಂದಿದ್ರಲ್ಲ?" ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು. ಯಜಮಾನರು ಒಂದು ಕವಳ ಬಾಯಿಗೆ ಹಾಕಿಕೊಂಡು ಗದ್ದ ಮೇಲೆತ್ತಿದರು.

ನನಗೆ ಬೇಸರವಾಗಲಿಲ್ಲ. ಹಾಲಿನ ಮಾತು ಸರಿಯೇ ಇತ್ತು, ಹಾಲು ಕುಡಿದರೆ ನನಗೆ ಚಿಕ್ಕಂದಿನಿಂದ ಹೊಟ್ಟೆ ಗುಡುಗುಡು. ಚಾಕ್ಕೆ ಸಕ್ಕರೆ ಕಡಿಮೆ ಮಾಡಿದೆ, ಸಂಜೆಯ ಕಾಫಿ ಬಿಟ್ಟೆ. ದೊಡ್ಡದನ್ನು ಬಿಟ್ಟವನಿಗೆ ಇವು ಲೆಕ್ಕಕ್ಕಿಲ್ಲ. ಜನರನ್ನು ಸೇರಿಸುವ ಅವರ ವ್ಯಾಪಾರಕ್ಕೆ ಮಾತ್ರ ಹೋಗಲಿಲ್ಲ.

ಬಿಟ್ಟದ್ದು ಗಟ್ಟಿಯೋ ಇಲ್ಲವೋ ತಿಳಿದದ್ದು ಮುಂದಿನ ವರ್ಷ, ಅರಬೈಲ್ ಹತ್ತಿರದ ಒಂದು ಮನೆಯ ಕೆಸರುಗಲ್ಲಿನ ದಿನ. ಅಡಿಪಾಯದ ಆ ಮೊದಲ ಕಲ್ಲನ್ನು ಇಡುವ ಮೊದಲು, ಪೂಜೆಯಾದ ಕೂಡಲೆ, ಮನೆಯ ಹಿರಿಯರು ಹರಿವಾಣದಿಂದ ಮೇಸ್ತ್ರಿಗೆ ಮೊದಲ ಕವಳ ಕೊಡುತ್ತಾರೆ. ಮೇಸ್ತ್ರಿ ಅದನ್ನು ಬಾಯಿಗೆ ಹಾಕಿಕೊಂಡೇ ಕಲ್ಲು ಎತ್ತಬೇಕು. ನಮ್ಮ ಅಪ್ಪ ಹಾಗೆ ಮಾಡಿದವ, ಅಣ್ಣ ಮಾಡಿದವ, ನಾನು ಎಷ್ಟೋ ಮನೆಗಳಿಗೆ ಮಾಡಿದವ. ಆ ಮನೆಯ ಹಿರಿಯರು ಎಂಬತ್ತರ ಆಸುಪಾಸಿನವರು. ತಾವೇ ಎಲೆಗೆ ಸುಣ್ಣ ಹಚ್ಚಿ ಮಡಚಿ ನನ್ನ ಕಡೆ ಚಾಚಿದರು.

"ಹಾಕ್ಕೋ ಮೇಸ್ತ್ರಿ."

"ಬಿಟ್ಟಿದ್ದೇನೆ ಒಡೆಯಾ."

"ಬಿಟ್ಟದ್ದು ನಿನ್ನ ಮನೇಲಿ. ಇದು ಶಾಸ್ತ್ರದ್ದು, ಒಂದಕ್ಕೆ ಎಂತದೂ ಆಗೂದಿಲ್ಲ."

ಹಿಂದೆ ಯಾರೋ ಹೇಳಿದರು: "ಕೊಟ್ಟ ಕವಳ ತಿರುಗಿಸಿದವನ ಕೈಯಲ್ಲಿ ಕಲ್ಲು ಹಾಕ್ಸೂದು ಬೇಡ."

ಆ ಎಲೆಯ ವಾಸನೆ ಮೂಗಿಗೆ ಹೊಡೆಯಿತು. ಬಾಯಲ್ಲಿ ನೀರೂರಿತು, ಸುಳ್ಳು ಹೇಳುವುದಿಲ್ಲ. ದೊಡ್ಡ ಮನೆ, ವರ್ಷದ ಕೆಲಸ. ಒಂದು ಹಾಕಿ ಆಚೆ ಹೋಗಿ ಉಗುಳಿದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಒಂದು ಹಾಕಿದರೆ ಸಂಜೆಗೆ ನಾನು ಎಲ್ಲಿರುತ್ತೇನೆ ಎಂಬುದು ನನಗೆ ಗೊತ್ತಿತ್ತು.

"ಒಡೆಯಾ, ಬೇಕಾದ್ರೆ ಬೇರೆ ಮೇಸ್ತ್ರಿ ಕರೆಸಿ, ನಂಗೆ ಬೇಜಾರಿಲ್ಲ" ಎಂದೆ. "ಇದನ್ನ ಹಾಕಿ ನನ್ನ ಅಪ್ಪ ಹೋದ, ಅಣ್ಣ ಹೋದ, ಅಮ್ಮ ಹೋದಳು. ನಾ ಹಾಕೂದಿಲ್ಲ. ಕೆಲಸದಲ್ಲಿ ಒಂದು ನೂಲು ತಪ್ಪಿದ್ರೆ ಕೇಳಿ."

ಹಿರಿಯರು ನನ್ನ ಮುಖವನ್ನು, ಕೈಯಲ್ಲಿದ್ದ ಎಲೆಯನ್ನು ನೋಡಿದರು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೆಮ್ಮಿದರು.

"ಅಮ್ಮನೂ ಹೋದಳಾ?" ಎಂದು ಹಿರಿಯರು ಕೇಳಿದರು.

"ಹೌದು."

"ನನ್ನವಳೂ ಹಂಗೇ ಹೋದದ್ದು." ಆ ಎಲೆಯನ್ನು ಗುಂಡಿಯೊಳಗೆ ಕಲ್ಲು ಕೂರುವ ಜಾಗದಲ್ಲಿ ತಾವೇ ಬಗ್ಗಿ ಇಟ್ಟರು. "ಇದರ ಮೇಲೆ ಇಡು. ಭೂಮಿ ತಿನ್ಲಿ. ಎತ್ತು, ಹೊತ್ತು ಮೀರ್ತದೆ."

ಕಲ್ಲು ಎತ್ತಿ ಇಟ್ಟೆ. ಆ ಮನೆ ಮುಗಿಯಲು ವರ್ಷ ಹಿಡಿಯಿತು. ಆಮೇಲಿಂದ ನಾನು ಕೈ ಹಾಕಿದ ಎಲ್ಲ ಮನೆಗಳಲ್ಲೂ ಮೊದಲ ಕವಳ ಕಲ್ಲಿನ ಅಡಿಗೇ ಹೋಗಿದೆ. ಕೆಲವರು ಒಪ್ಪಿದರು, ಕೆಲವರು ಬೇರೆಯವರನ್ನು ಕರೆಸಿಕೊಂಡರು. ಹೋದ ಕೆಲಸಕ್ಕೆ ನಾನು ಅತ್ತಿಲ್ಲ.

ಆ ಮನೆಯ ಸ್ಲ್ಯಾಬು ಹಾಕುವ ಹೊತ್ತಿಗೆ ಹುಬ್ಬಳ್ಳಿಗೆ ತೋರಿಸಲು ಹೋಗಿದ್ದೆ. ಕಲೆ ಬೆಳೆದಿಲ್ಲ, ಉರಿ ಕಡಿಮೆಯಾಗಿದೆ, ಇನ್ನು ಬೇಗಬೇಗ ಬರುವುದು ಬೇಡ ಎಂದರು. ಮೂರನೆಯ ಬೆರಳು ಇನ್ನೂ ಪೂರ್ತಿ ಹೋಗುವುದಿಲ್ಲ, ಹೋಗುವುದೂ ಇಲ್ಲವಂತೆ. ಇದ್ದಷ್ಟೇ ಸಾಕು. ಅಣ್ಣ ಹೋದ ವಯಸ್ಸನ್ನು ದಾಟಿದ್ದೆ. ಅಪ್ಪ ಹೋದ ವಯಸ್ಸನ್ನೂ ಆ ವರ್ಷವೇ ದಾಟಿದೆ. ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಅಂಗಳದಲ್ಲಿ ಮೀನು ಹಸನು ಮಾಡುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು.

"ಒಳ್ಳೇದಾಯ್ತು. ಇನ್ನು ಆ ಹಲ್ಲು ತಿಕ್ಕು ತಮ್ಮಾ, ನಗೂವಾಗ ಹೆದರಿಕೆ ಆಗ್ತದೆ" ಎಂದು ಹೇಳಿ ಮತ್ತೆ ಮೀನಿನ ಕಡೆ ಬಗ್ಗಿದಳು.